ಅಳಿಯ ಏರಿಸಿದ ದೋಣಿ

ಮನೆಯಲ್ಲಿ ದಿನಕ್ಕೆ ಹತ್ತು ಸಲ ಸಲೀಸಾಗಿ ‘ಗೊತ್ತಿಲ್ಲ’ ಎನ್ನುವ ಗಂಡಸು ಹೆಂಡತಿಯ ತವರಿನಲ್ಲಿ ಮಾತ್ರ ಆ ಪದವನ್ನು ಮರೆತುಬಿಡುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಬೇಡ ಬೇಡವೆಂದರೂ ಮೂರನೇ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದು, “ಇದಕ್ಕೆ ಅಳಿಯಂದಿರು ಏನಂತೀರಿ?” ಎಂದು ಕೇಳಿದರೆ ಯಾವ ಬಾಯಿಂದ ಗೊತ್ತಿಲ್ಲ ಅನ್ನುವುದು? ಪರಶುರಾಂಪುರದ ಹತ್ತಿರವಿರುವ ನನ್ನ ಮಾವನ ಮನೆಯಲ್ಲಿ ಬೋರ್‌ವೆಲ್ ಮೋಟಾರು, ಮೊಣಕಾಲು ನೋವು, ಮಗುವಿಗೆ ಇಡುವ ಹೆಸರು ಎಲ್ಲದರ ಬಗ್ಗೆಯೂ ನಾನು ಅಭಿಪ್ರಾಯ ಕೊಟ್ಟಿದ್ದೇನೆ. ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಸಿಕ್ಕಿಬಿದ್ದದ್ದು ದೋಣಿಯ ವಿಷಯದಲ್ಲಿ.

ಚಳ್ಳಕೆರೆಯ ಕಾಲೇಜಿಗೆ ಗುಮಾಸ್ತನಾಗಿ ಬರುವ ಮೊದಲು ನಾನು ಮೂರು ವರ್ಷ ಉಡುಪಿ ಕಡೆ ಇದ್ದೆ. ಅಲ್ಲಿ ಸಮುದ್ರವನ್ನು ಬಸ್ಸಿನ ಕಿಟಕಿಯಿಂದಲೂ, ಮೀನನ್ನು ಹೋಟೆಲಿನ ತಟ್ಟೆಯಲ್ಲೂ ನೋಡಿದ್ದು ನಿಜ. ಆದರೆ ಹಬ್ಬಕ್ಕೊಂದಿಷ್ಟು, ಊಟಕ್ಕೊಂದಿಷ್ಟು ಸೇರಿಸುತ್ತ ಹೇಳಿದ್ದರಿಂದ, ಇತ್ತೀಚೆಗೆ ನಾನು ಅಲೆಯ ಮೇಲೆ ದೋಣಿಗೆ ಹುಟ್ಟು ಹಾಕಿದವನಾಗಿಬಿಟ್ಟಿದ್ದೆ. ಈ ಬಯಲುಸೀಮೆಯಲ್ಲಿ ಅದನ್ನು ಯಾರು ಪರೀಕ್ಷೆ ಮಾಡುತ್ತಾರೆ ಎಂಬ ಧೈರ್ಯ ನನ್ನದು.

ನಮ್ಮ ಭಾಮೈದ ತಿಪ್ಪೇಶ ಪರೀಕ್ಷೆ ಮಾಡಿಸಿದ. ಒಳ್ಳೆ ಮಳೆಯಾಗಿ ಕೆರೆ ತುಂಬಿದ್ದರಿಂದ ಅವನೂ ಗೆಳೆಯರೂ ಮೀನುಮರಿ ಬಿಟ್ಟಿದ್ದರು. ಮೀನು ಹಿಡಿಯಲು ಮೊಳಕಾಲ್ಮೂರು ಕಡೆಯ ಒಬ್ಬ ಯಜಮಾನರಿಂದ ಚಿಕ್ಕ ಫೈಬರ್ ದೋಣಿಯನ್ನೂ ಅದನ್ನು ಸಾಗಿಸುವ ತಗ್ಗು ಟ್ರೇಲರನ್ನೂ ಎರವಲು ತಂದಿದ್ದರು. ಮೀನು ಹಿಡಿದದ್ದಾಯಿತು. ಮರುದಿನ ಬೆಳಗ್ಗೆ ಯಜಮಾನರ ಕೆರೆಗೇ ಬಲೆ ಬೀಳುವುದರಿಂದ ದೋಣಿ ಅಂದೇ ಸಂಜೆಯೊಳಗೆ ಅವರಿಗೆ ಸೇರಬೇಕು. “ಒಂದು ಗೀರು ಬಿದ್ದಿದ್ರೂ ಮುಂದಿನ ವರ್ಷ ನನ್ನ ಹತ್ರ ಬರಬ್ಯಾಡ್ರಿ” ಎಂದು ಅವರು ಮೊದಲೇ ಹೇಳಿದ್ದರಂತೆ. ಸುತ್ತಮುತ್ತ ದೋಣಿಯಿದ್ದದ್ದು ಅವರೊಬ್ಬರ ಬಳಿಯೇ.

“ಭಾವ ಬಂದವ್ರಲ್ಲ, ಇನ್ನೇನ್ ಚಿಂತೆ? ಸಮುದ್ರದ ದೋಣೀನೇ ಆಡಿಸಿದೋರು” ಎಂದ ತಿಪ್ಪೇಶ, ಊಟ ಮುಗಿಸಿ ಕೈತೊಳೆಯುತ್ತಿದ್ದ ನನ್ನನ್ನು ಹಾಗೇ ಕೆರೆಗೆ ಕರೆದೊಯ್ದ. ಹಿಂದೆ ನನ್ನ ಹೆಂಡತಿ, ಅವಳ ಹಿಂದೆ ಮಾವ, ಅವರ ಹಿಂದೆ ಅರ್ಧ ಊರು.

ನೀರಿನಲ್ಲಿದ್ದ ದೋಣಿಯನ್ನು ಟ್ರೇಲರಿಗೆ ಏರಿಸಬೇಕಿತ್ತು. ಟ್ರೇಲರ್ ಕಟ್ಟಿದ್ದ ಟ್ರಾಕ್ಟರ್ ಓಡಿಸುತ್ತಿದ್ದವನು ಚಳ್ಳಕೆರೆಯ ಮೆಕ್ಯಾನಿಕ್ ರಹಮತ್. ನಾನು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದು, ಟ್ರೇಲರನ್ನು ಹಿಂದಕ್ಕೆ ಬಿಡುವಂತೆ ಕೈ ಮಾಡಿದೆ. “ಇನ್ನೂ ಬರಲಿ, ಇನ್ನೂ” ಎಂದು ಹೇಳುತ್ತ ಅದನ್ನು ಪೂರ್ತಿ ಮುಳುಗಿಸಿಬಿಟ್ಟೆ. ಆಮೇಲೆ ನಾಲ್ವರು ದೋಣಿಯ ಮೂತಿಗೆ ಹಗ್ಗ ಕಟ್ಟಿ ಎಳೆದರು. ದೋಣಿಯೇನೋ ಬಂತು. ಆದರೆ ಮೇಲೆ ತೇಲುತ್ತಿದ್ದ ಅದನ್ನು ಗಾಳಿ ತಳ್ಳಿತು. ಟ್ರಾಕ್ಟರ್ ಮುಂದೆ ಹೋಗುತ್ತಿದ್ದಂತೆ ದೋಣಿ ಟ್ರೇಲರಿನ ಮೇಲೆ ಅಡ್ಡಡ್ಡ ಕೂತು ಒಂದು ಕಡೆ ವಾಲಿತು. ಎಲ್ಲರೂ ಭುಜ ಕೊಟ್ಟು ಮತ್ತೆ ನೀರಿಗಿಳಿಸಿದರು. ಎರಡನೇ ಸಲ ನಾನು ಎಡಕ್ಕೆ, ಬಲಕ್ಕೆ ಎಂದು ಜೋರಾಗಿ ಕೂಗತೊಡಗಿದೆ.

“ಸರ್, ನಿಮ್ದು ಲೆಫ್ಟಾ, ನಮ್ದು ಲೆಫ್ಟಾ? ಖುದಾ ಕೆ ವಾಸ್ತೆ ಯಾವ್ದಾದ್ರೂ ಒಂದು ಹೇಳಿ” ಎಂದು ರಹಮತ್ ಬೇಡಿಕೊಂಡ. ಈ ಸಲ ದೋಣಿ ಇನ್ನೊಂದು ಕಡೆಗೆ ವಾಲಿತು. ಮೂರನೇ ಸಲ ಟ್ರೇಲರಿನ ಕಬ್ಬಿಣದ ಮೂಲೆ ದೋಣಿಯ ಹೊಟ್ಟೆಗೆ ನಾಲ್ಕು ಬೆರಳಷ್ಟು ಹತ್ತಿರ ಬಂದಾಗ ಏರಿಯ ಮೇಲೆ ನಿಂತಿದ್ದ ಜನ ಒಟ್ಟಿಗೆ ‘ಅಯ್ಯೋ’ ಎಂದರು. ಹೆಂಡತಿ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅದು ಗಾಬರಿಯಿಂದಲ್ಲ ಎಂದು ನನಗೆ ಗೊತ್ತಿತ್ತು.

ಆಗ ಮಾವ ಜಾಲಿಮರದ ನೆರಳಿನಿಂದ ಎದ್ದು ಬಂದರು. ಬದುಕೆಲ್ಲ ಕುರಿ ಸಾಕಿದ ಮನುಷ್ಯ. ದೋಣಿಯನ್ನು ಅವರು ನೋಡಿದ್ದೇ ಆ ವಾರ. “ಅಳಿಯಂದ್ರೇ, ಕುರೀನ ರೊಪ್ಪದೊಳಕ್ಕೆ ಬಿಡೋವಾಗ ಮೂತಿ ಹಿಡಿದು ಎಳೀತಾರೇನ್ರಿ? ಬಾಗ್ಲಾಗೆ ಆ ಕಡೆಗೊಬ್ರು ಈ ಕಡೆಗೊಬ್ರು ನಿಂತ್ಕಂಡ್ರೆ ಅದೇ ನೆಟ್ಟಗೆ ಹೋಗ್ತೈತೆ” ಎಂದರು. ಶೇಂಗಾ ಹೊಟ್ಟು ಹೇರುವಾಗ ಗಾಡಿಗೆ ಗಳ ನಿಲ್ಲಿಸುವಂತೆ, ಟ್ರೇಲರಿನ ಹಿಂದಿನ ಎರಡು ಮೂಲೆಗೂ ಒಂದೊಂದು ಬಿದಿರ ಗಳ ನಿಲ್ಲಿಸಿ ಕಟ್ಟಿಸಿದರು. ಎರಡಕ್ಕೂ ಹಳೇ ಗೋಣಿಚೀಲ ಸುತ್ತಿಸಿದರು. “ಗಾಲಿ ಅರ್ಧ ಮುಳುಗಿದ್ರೆ ಸಾಕು, ಗಾಡಿಗೆ ಸ್ನಾನ ಮಾಡಿಸಬ್ಯಾಡ್ರಿ” ಎಂದು ರಹಮತ್‌ಗೆ ಹೇಳಿದರು. ದೋಣಿಯ ಎರಡು ಪಕ್ಕದಲ್ಲೂ ಒಬ್ಬೊಬ್ಬರು ಅಂಗೈ ಆನಿಸಿ ನಡೆದರು. ಅದು ಎರಡು ಗಳದ ನಡುವೆ ನುಸುಳಿ, ಸಂಜೆ ರೊಪ್ಪಕ್ಕೆ ಮರಳುವ ಕುರಿಯ ಹಾಗೆ, ತಾನೇ ಹೋಗಿ ನೆಟ್ಟಗೆ ಕೂತಿತು. ಟ್ರಾಕ್ಟರ್ ದಡ ಹತ್ತಿತು. ಒಂದು ಕೂದಲೆಳೆಯಷ್ಟು ಗೀರೂ ಇರಲಿಲ್ಲ. ನನಗೆ ಆದ ಸಮಾಧಾನಕ್ಕೆ ಅಲ್ಲೇ ಒದ್ದೆ ಮಣ್ಣಿನಲ್ಲಿ ಕೂತುಬಿಟ್ಟೆ.

ಹೊತ್ತು ಮುಳುಗುವ ಮುಂಚೆ ರಹಮತ್, ಮಾವ, ನಾನು ದೋಣಿಯನ್ನು ತಲುಪಿಸಿದೆವು. ಯಜಮಾನರು ಹೊರಬಂದು, ದೋಣಿಯ ಉದ್ದಕ್ಕೂ ಕೈಯಾಡಿಸಿ ನೋಡಿ, “ಭಲೇ! ಎವರಯ್ಯಾ ಎಕ್ಕಿಂಚಿಂದಿ? ಇಷ್ಟು ನೆಟ್ಟಗೆ ಏರಿಸಿದೋರು ಯಾರಪ್ಪ?” ಎಂದು ತೆಲುಗು ಕನ್ನಡ ಎರಡರಲ್ಲೂ ಕೇಳಿದರು. ನಂಬಿದರೆ ನಂಬಿ, ನಿಜ ಹೇಳಲೆಂದೇ ನಾನು ಬಾಯಿ ತೆರೆದೆ.

“ನಮ್ಮ ಅಳಿಯಂದ್ರು. ಉಡುಪಿ ಕಡೆ ಇದ್ದೋರು” ಎಂದರು ಮಾವ.

ಕುರಿ ಮಾರುವಾಗ ಅದರ ಕುಂಟು ಕಾಲನ್ನು ಕೊಳ್ಳುವವರಿಗೆ ತಾವೇ ಮೊದಲು ತೋರಿಸುವ ಮನುಷ್ಯ ಅವರು. ಅಂಥವರು ನನ್ನ ಕುಂಟನ್ನು ಮುಚ್ಚಿಟ್ಟಿದ್ದರು. ಅಷ್ಟರಲ್ಲಿ ಯಜಮಾನರು ನನ್ನ ಎರಡೂ ಕೈ ಹಿಡಿದು, “ಹಂಗಾದ್ರೆ ಇವತ್ತು ಇಲ್ಲೇ ಉಳೀರಿ. ಬೆಳಗ್ಗೆ ನೀರಿಗೆ ಇಳಿಸೋದೂ ನಿಮ್ಮ ಕೈಯಿಂದ್ಲೇ ಆಗ್ಲಿ” ಎಂದರು. ನಾನು ಗಾಬರಿಯಿಂದ ಮಾವನ ಕಡೆ ತಿರುಗಿದೆ. ಅವರು ಆಗಲೇ ಟ್ರಾಕ್ಟರ್ ಹತ್ತಿ ರಹಮತ್‌ನ ಪಕ್ಕ ಕೂತು, ಮಾರಿದ ಕುರಿಯನ್ನು ತಿರುಗಿ ನೋಡದವರಂತೆ ರಸ್ತೆಯ ಕಡೆ ಮುಖ ಮಾಡಿದ್ದರು.