ಒಂದು ಬೆಳೆಯ ಮಟ್ಟಿಗೆ

ನಮ್ಮಕ್ಕ ನಮ್ಮ ಹುಳದ ಮನೆಯೊಳಗೆ ಕಾಲಿಡದೆ ಮೂರು ವರ್ಷವಾಗಿತ್ತು. ಬರಬೇಡ ಅಂದವನು ನಾನೇ. "ಈ ಬೆಳೆ ಒಂದು ಮುಗೀಲಿ" ಅಂದಿದ್ದೆ. ರೇಷ್ಮೆ ಬೆಳೆ ಅಂದರೆ ಎಷ್ಟು ದಿನ? ಮರಿ ಹುಳ ತಂದು ಗೂಡು ಬಿಡಿಸುವವರೆಗೆ ಒಂದು ತಿಂಗಳೂ ಹಿಡಿಯುವುದಿಲ್ಲ. ಆ ಬೆಳೆ ಮುಗಿಯಿತು, ಅದರ ಹಿಂದೆ ಇನ್ನೆಷ್ಟೋ ಬೆಳೆ ಮುಗಿದವು. "ಇನ್ನು ಬಾರಕ್ಕ" ಅನ್ನುವ ಎರಡು ಮಾತು ಮಾತ್ರ ನನ್ನ ಬಾಯಿಂದ ಹೊರಟಿರಲಿಲ್ಲ.

ಒಡಹುಟ್ಟಿದ ತಮ್ಮನ ಮನೆ, ಕರೆಯದಿದ್ದರೆ ತಾನೇ ನುಗ್ಗಬಾರದೇ ಅನ್ನುತ್ತೀರಾ? ಹಾಗಾದರೆ ನಿಮಗೆ ನಮ್ಮಕ್ಕ ಗೊತ್ತಿಲ್ಲ! ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲ್ಲೂಕು ಜಾಲಾಡಿದರೂ ಇಂಥ ಇನ್ನೊಂದು ಹೆಂಗಸು ಸಿಗುವುದಿಲ್ಲ. ಸಿಕ್ಕರೆ ಆ ತಾಲ್ಲೂಕನ್ನು ದೇವರೇ ಕಾಯಬೇಕು.

ಅವಳಿಗೆ ಎಂಟು ವರ್ಷವಿದ್ದಾಗ ನಮ್ಮಪ್ಪ ಅವಳನ್ನು ಕೆಂಗಲ್ ಆಂಜನೇಯನ ಗುಡಿಗೆ ಕರೆದುಕೊಂಡು ಹೋಗಿದ್ದ. "ಈ ಮೆಟ್ಲು ಮ್ಯಾಲೆ ಕುಂತಿರವ್ವ, ನಾನು ಬಂದು ಏಳು ಅನ್ನೋ ಗಂಟ ಏಳ್ಬ್ಯಾಡ" ಅಂದು ಬೀಡಿ ಸೇದಲು ಹೋದ. ಅಲ್ಲೊಬ್ಬ ಕುರಿ ವ್ಯಾಪಾರದವನು ಸಿಕ್ಕ. ಕುರಿ ಮಾತು ಶುರುವಾದ ಮೇಲೆ ನಮ್ಮಪ್ಪನಿಗೆ ಮಕ್ಕಳ ನೆನಪು ಇರುತ್ತದೆಯೇ? ಎರಡು ಕುರಿ ಹಿಡಿದುಕೊಂಡು ಊರಿಗೇ ಬಂದುಬಿಟ್ಟ! "ಕುರಿ ಬಂತು, ಮಗಳೆಲ್ಲಿ?" ಅಂತ ಅವ್ವ ಕೇಳಿದ ಮೇಲೆ ಎದೆ ಬಡಿದುಕೊಂಡು ವಾಪಸು ಓಡಿದ. ಅಷ್ಟು ಹೊತ್ತಿಗೆ ಪೂಜಾರಿ ಅವಳಿಗೆ ಎರಡು ಸಲ ಪ್ರಸಾದ ಕೊಟ್ಟಿದ್ದರು. ಒಂದು ಕೋತಿ ಬಂದು ಪಕ್ಕದಲ್ಲಿ ಕೂತು, ಬೇಜಾರಾಗಿ ಎದ್ದು ಹೋಗಿತ್ತು. ನಮ್ಮಕ್ಕ ಮಾತ್ರ ಅದೇ ಮೆಟ್ಟಿಲ ಮೇಲಿದ್ದಳು. ಅಪ್ಪ "ಮರ್ತ್ಬುಟ್ಟೆ ಕಣವ್ವ, ಏಳು" ಅಂದಾಗಲೇ ಎದ್ದದ್ದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಅಂದರೂ ತಪ್ಪಿಲ್ಲ. ಹುಳ ಸಾಕುವುದನ್ನು ಕಲಿಸಿ ಮನುಷ್ಯನ ಲೆಕ್ಕಕ್ಕೆ ಸೇರಿಸಿದವಳು ಅಕ್ಕ. ಮರಿ ಹುಳಕ್ಕೆ ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ಹಣ್ಣಾದ ಹುಳವನ್ನು ಗೂಡು ಕಟ್ಟಲು ಯಾವಾಗ ಚಂದ್ರಿಕೆಗೆ ಬಿಡಬೇಕು, ಎಲ್ಲಾ ಅವಳ ಪಾಠ. ಹುಳಕ್ಕೆ ಊದುಬತ್ತಿ, ಬೀಡಿ, ಸೆಂಟು ಯಾವ ವಾಸನೆಯೂ ಆಗಬಾರದು ಅನ್ನುವುದೂ ಅವಳದ್ದೇ ಕಾನೂನು. ಅವಳನ್ನು ನೋಡಲು ಬಂದ ಗಂಡು ಸೆಂಟು ಹೊಡೆದುಕೊಂಡು ಹುಳದ ಮನೆಯ ಹೊಸಿಲವರೆಗೂ ಬಂದಾಗ, ಒಳಗಿಂದಲೇ ಕೂಗಿದಳು: "ಯಾರ್ ನೀವು? ಮೈ ತೊಳ್ಕಂಡು ಬನ್ನಿ!" ಆ ಮಹಾನುಭಾವ ತೊಟ್ಟಿಯಲ್ಲಿ ಸ್ನಾನ ಮಾಡಿ ಬಂದೇ ಹೆಣ್ಣು ನೋಡಿದ್ದು. ಅವರೇ ನಮ್ಮ ಭಾವ. ಚನ್ನಪಟ್ಟಣದಲ್ಲಿ ಮನೆ, ಲಾರಿ ಓಡಿಸುತ್ತಾರೆ, ವಾರದಲ್ಲಿ ಐದು ದಿನ ರಸ್ತೆ ಮೇಲೆ. ಮಕ್ಕಳಾಗಲಿಲ್ಲ. ಸೆಂಟು ಮಾತ್ರ ಇವತ್ತಿಗೂ ಮುಟ್ಟಿಲ್ಲ ಪಾಪ!

ಇಂಥ ಅಕ್ಕನಿಗೆ ನಾಲ್ಕು ವರ್ಷದ ಹಿಂದೆ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್ ಅಂದರು. ಬೆಂಗಳೂರಿನಲ್ಲಿ ಆಪರೇಷನ್, ಆಮೇಲೆ ಕೀಮೋ. ಆಗ ಅವಳ ಮನೆ ತುಂಬಾ ಜನ. ಬಂದವರೆಲ್ಲ ದಾಳಿಂಬೆ ತಂದು ತಂದು, ಒಂದು ಹಣ್ಣಿನ ಅಂಗಡಿಯನ್ನೇ ತೆರೆಯಬಹುದಿತ್ತು. ಕೂದಲು ಉದುರಿದಾಗ ಅವಳೇ ನಮಗೆ ಸಮಾಧಾನ ಹೇಳಿದಳು. "ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತು ಹತ್ತು ವರ್ಷ ಆಗಿತ್ತು ಕಣ್ಲಾ. ದೇವ್ರು ಕಾದು ಕಾದು ಮನೆಗೇ ಬಂದು ತಗಂಡವ್ನೆ!"

ಕೊನೆಗೆ ಡಾಕ್ಟರು ಗುಣವಾಗಿದೆ ಅಂದರು. ನಾವು ಮೈಸೂರು ಪಾಕು ಹಂಚಿದೆವು. ದಾಳಿಂಬೆ ನಿಂತಿತು. ತರುವವರೂ ನಿಂತರು.

ಅದಾದ ವಾರಕ್ಕೇ ಅಕ್ಕ ಬಸ್ಸು ಹತ್ತಿ ನಮ್ಮೂರು ಅಕ್ಕೂರಿಗೆ ಬಂದಳು. ಸೀದಾ ಹುಳದ ಮನೆಗೇ. ತಲೆಗೆ ಬಟ್ಟೆ ಕಟ್ಟಿದ್ದಳು, ಹುಬ್ಬು ಕೂಡ ಉಳಿದಿರಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕ, ನಿನ್ ಮೈಯೆಲ್ಲ ಔಷಧಿ ವಾಸ್ನೆ. ಹುಳ ದೊಡ್ಡದಾಗವೆ. ಈ ಬೆಳೆ ಒಂದು ಮುಗೀಲಿ."

ತನ್ನ ಕಾನೂನೇ ತನ್ನ ಮೇಲೆ ಬಂದರೆ ಅವಳೇನು ಹೇಳಿಯಾಳು? "ಆಯ್ತು ಕಣ್ಲಾ" ಅಂದು ಹಿಂದಕ್ಕೆ ಸರಿದಳು.

ಮುಂದಿನ ಸೋಮವಾರ ಬಂದಳು ನೋಡಿ, ಒಂದು ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು! ನೊಣ ಬರಬಾರದೆಂದು ಬಲೆ ಹೊಡೆದಿರುವ ಕಿಟಕಿಯ ಹೊರಗೆ ಸ್ಟೂಲು ಹಾಕಿ, ಕಿವಿ ಕೊಟ್ಟು ಕೂತಳು. ದೊಡ್ಡ ಹುಳ ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದಂತೆ ಸದ್ದಾಗುತ್ತದೆ. ಆ ಸದ್ದು ಕೇಳಿಯೇ ಹೊರಗಿನಿಂದ ವೈದ್ಯ!

"ಲೇ, ಮೂಲೆ ತಟ್ಟೇಲಿ ಸದ್ದು ಕಮ್ಮಿ ಐತೆ. ಸೊಪ್ಪು ಬಾಡೈತೆ ನೋಡು."

"ಎಲ್ಲಾ ಸರ್ಯಾಗೈತೆ ಸುಮ್ನಿರಕ್ಕ."

"ನಿನ್ ಕಣ್ಣು ಸರ್ಯಾಗಿಲ್ಲ. ನೋಡು ಅಂದೆ!"

ನೋಡಿದರೆ ಸೊಪ್ಪು ಬಾಡಿರುತ್ತಿತ್ತು! ಹೀಗೆ ಪ್ರತಿ ಸೋಮವಾರ. ಬಿಸಿಲಿಗೆ ಕೊಡೆ, ಮಳೆಗೂ ಅದೇ ಕೊಡೆ. ನನ್ನ ಹೆಂಡತಿ ಕಾಫಿ ತಂದುಕೊಟ್ಟು, "ಅತ್ಗೆ, ನೀವು ಹುಳಕ್ಕೆ ಡಾಕ್ಟ್ರೋ, ವಾಚ್‌ಮನ್ನೋ?" ಅಂದರೆ, "ಸಂಬ್ಳ ಇಲ್ದಿರೋದು ಯಾವ್ದೋ ಅದು ಕಣವ್ವ" ಅನ್ನುತ್ತಿದ್ದಳು. ಊರವರು ನಕ್ಕರು. ನಾವೂ ನಕ್ಕೆವು. ಕೂದಲು ಬಂತು, ಹುಬ್ಬು ಬಂತು. ಸ್ಟೂಲು ಮಾತ್ರ ಕಿಟಕಿಯ ಹೊರಗೇ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕೇಳಲೇಬೇಡಿ! ಒಂದು ದಿನ ಫೋನು ಮಾಡಿದರೆ ಕುದೂರಿನಲ್ಲಿದ್ದಳು. ಮಾಗಡಿ ದಾಟಿ ಕುದೂರು! ಅಲ್ಲಿ ನಮಗೆ ನೆಂಟರಿಲ್ಲ, ಹೊಲವಿಲ್ಲ.

"ಅಲ್ಲಿಗೆ ಯಾಕಕ್ಕ ಹೋದೆ?"

"ಹೋಗೋಕಲ್ಲ ಕಣ್ಲಾ, ಬರೋಕೆ."

"ಅಂದ್ರೆ?"

"ಹೋಗೋವಾಗ ಒಬ್ರು ಪಕ್ದಲ್ಲಿ ಕೂತ್ಕಂತಾರೆ, ಬರೋವಾಗ ಇನ್ನೊಬ್ರು. ಇವತ್ತು ಸಿಕ್ಕಿದೋಳು ತನ್ನ ಸೊಸೆ ಸುದ್ದಿ ಪೂರ್ತಿ ಹೇಳಿದ್ಲು. ಪಾಪ, ಸೊಸೇನೇ ಒಳ್ಳೇಳು ಅನ್ಸ್ತದೆ."

ಈ ಮಾತನ್ನು ನಾನು ಟೀ ಅಂಗಡಿಯಲ್ಲಿ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ! ಅದರೊಳಗೆ ಏನಿದೆ ಅಂತ ಒಂದು ದಿನವಾದರೂ ಯೋಚಿಸಿದೆನೇ?

ಹೋದ ತಿಂಗಳು ಒಂದು ಸೋಮವಾರ ಅಕ್ಕ ಬರಲಿಲ್ಲ. ಫೋನು ಎತ್ತಲಿಲ್ಲ. ಭಾವ ಲಾರಿ ತೆಗೆದುಕೊಂಡು ದೂರ ಹೋಗಿದ್ದರು. ಇನ್ನೊಂದು ಸೋಮವಾರವೂ ಸ್ಟೂಲು ಖಾಲಿ. ಹುಳ ಮಳೆಯ ಹಾಗೆ ತಿನ್ನುತ್ತಿದ್ದವು, ಕೇಳುವವರಿಲ್ಲ. ನಾನು ಬೈಕು ತೆಗೆದೆ.

ಚನ್ನಪಟ್ಟಣದಲ್ಲಿ ಅಕ್ಕನ ಪಕ್ಕದ ಮನೆಯ ಫಾತಿಮಾ ಬೀ, ಮರದ ಬುಗುರಿಗೆ ಬಣ್ಣ ಹಚ್ಚುವವರು, ಜಗಲಿಯಲ್ಲೇ ಸಿಕ್ಕಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇನಾ ತಮ್ಮ? ಬಂದ್ರಾ? ನಿಮ್ಮಕ್ಕ ಸೋಮವಾರ ಒಂದಿನ ತಲೆ ಬಾಚ್ತಿದ್ರು. ಅದೂ ಈಗಿಲ್ಲ. ಬಾಗ್ಲು ಬಡಿದು ಬಡಿದು ನಾನೇ ಗಂಜಿ ಕುಡಿಸ್ತಾ ಇದೀನಿ."

ಒಳಗೆ ಹಾಡುಹಗಲಲ್ಲಿ ಕಿಟಕಿ ಮುಚ್ಚಿತ್ತು. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಮತ್ತೆ ಕಾಯಿಲೆ ಬಂತಾ ಅಕ್ಕ?"

"ಇಲ್ಲ ಕಣ್ಲಾ. ಚೆಕಪ್ಪಲ್ಲಿ ಎಲ್ಲಾ ಚೆನ್ನಾಗೈತೆ ಅಂದ್ರು. ಅದೇ ಕಷ್ಟ ಆಗಿರೋದು. ಕಾಯ್ಲೆ ಇದ್ದಾಗ ಅಳ್ಬೋದಿತ್ತು. ವಾಸಿಯಾದ ಮ್ಯಾಲೆ ಯಾಕೆ ಅಳ್ತೀಯ ಅಂತಾರೆ. ಯಾಕೆ ಅಂತ ನಂಗೂ ಗೊತ್ತಿಲ್ಲ. ಏಳೋಕೆ ಮನ್ಸಾಗಲ್ಲ."

ಇಷ್ಟು ಮಾತಾಡುವವಳ ಬಾಯಲ್ಲಿ ಇಂಥ ಮಾತು ನಾನು ಕೇಳಿಯೇ ಇರಲಿಲ್ಲ. ಕೇಳಲು ನಾನೆಲ್ಲಿ ಕೂತಿದ್ದೆ?

"ಇದುನ್ನೂ ಡಾಕ್ಟ್ರಿಗೆ ಹೇಳ್ಬೇಕು ಅಕ್ಕ. ನಾಳೆನೇ ಹೋಗಣ, ನಾನೂ ಬತ್ತೀನಿ. ಇವತ್ತು ಊರಿಗೆ ನಡಿ" ಅಂದೆ. ಫಾತಿಮಾ ಬೀ ಅವಳ ತಲೆ ಬಾಚಿ, ಗದರಿಸಿ, ಬೈಕು ಹತ್ತಿಸಿದರು.

ಹುಳದ ಮನೆ ಮುಂದೆ ಇಳಿದವಳು ಏನು ಮಾಡಿದಳು ಗೊತ್ತೇ? ಬಾಗಿಲ ಕಡೆ ತಿರುಗಿಯೂ ನೋಡದೆ ಕಿಟಕಿಯ ಹತ್ತಿರ ಹೋಗಿ, ಸ್ಟೂಲಿನ ಧೂಳು ಸೆರಗಿನಿಂದ ಒರೆಸತೊಡಗಿದಳು. ಐವತ್ತು ದಾಟಿದ ಹೆಂಗಸು, ನನಗೆ ಮಾತ್ರ ಕೆಂಗಲ್ ಮೆಟ್ಟಿಲ ಮೇಲೆ ಕೂತ ಹುಡುಗಿಯ ಹಾಗೆ ಕಂಡಳು. ನಾನು ಸ್ಟೂಲು ಕಿತ್ತುಕೊಂಡೆ.

"ಏನ್ಲಾ, ಬೆಳೆ ಮುಗೀತಾ?" ಅಂದಳು.

ಹೆಂಡತಿ ಸೊಪ್ಪಿನ ಕುಕ್ಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ:

"ವಾಸ್ನೆ ಇರ್ಲಿಲ್ಲ ಅಕ್ಕ. ಹುಳಕ್ಕೂ ಏನೂ ಆಗ್ತಿರ್ಲಿಲ್ಲ. ಹುಬ್ಬೂ ಇಲ್ದಿರೋ ನಿನ್ ಮಕ ನೋಡಿ ನಾನು ಹೆದ್ರಿದ್ದೆ. ಅದುಕ್ಕೇ ಸುಳ್ಳು ಹೇಳ್ದೆ. ಆಮ್ಯಾಕೆ ಕರೆಯೋಕೆ ಮಕ ಇರ್ಲಿಲ್ಲ. ತಪ್ಪಾಯ್ತು ಕಣಕ್ಕ. ಒಳಕ್ಕೆ ಬಾ."