ಆಕಾಶಕ್ಕೊಂದು ಇನ್‌ವರ್ಡ್ ನಂಬರು

ನಮ್ಮ ಚಿಕ್ಕಪ್ಪನ ಗಮನಕ್ಕೆ ಬಾರದೆ ನಂಜನಗೂಡಿನ ಆಕಾಶದಲ್ಲಿ ಒಂದು ನಕ್ಷತ್ರವೂ ಹುಟ್ಟುವ ಹಾಗಿಲ್ಲ. ಹುಟ್ಟಿದರೂ ಅದಕ್ಕೆ ಇನ್‌ವರ್ಡ್ ನಂಬರು ಬಿದ್ದು, ಪ್ರಿನ್ಸಿಪಾಲರ ಸಹಿಯಾಗಿ, ನೋಟೀಸ್ ಬೋರ್ಡಿಗೆ ಬರುವವರೆಗೆ ಹೊಳೆಯತಕ್ಕದ್ದಲ್ಲ! ಅಷ್ಟು ಹೊತ್ತಿಗೆ ನಕ್ಷತ್ರ ಸತ್ತೇ ಹೋದರೆ? ಹೋಗಲಿ ಬಿಡಿ, ಫೈಲು ಇರುತ್ತದಲ್ಲ!

ಹಾಗಾದರೆ ಚಿಕ್ಕಪ್ಪ ಖಗೋಳ ವಿಜ್ಞಾನಿಯೇ ಎಂದು ಕೇಳುತ್ತೀರಿ. ಛೆ ಛೆ! ಅವರು ನಂಜನಗೂಡಿನ ಒಂದು ಡಿಗ್ರಿ ಕಾಲೇಜಿನಲ್ಲಿ ಗುಮಾಸ್ತರು. ಬಂದ ಟಪಾಲು ಒಡೆಯುವುದು, ಮೊಹರು ಹೊಡೆಯುವುದು, ನೋಟೀಸ್ ಬೋರ್ಡಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುವುದು ಅವರ ಕೆಲಸ. ನಾನು ತಿರುಮಕೂಡಲು ನರಸೀಪುರದವಳು. ನನಗೆ ಆಕಾಶದ ಹುಚ್ಚು ಹಿಡಿದದ್ದು ಕರೆಂಟಿನಿಂದ, ಅಂದರೆ ಅದು ಇಲ್ಲದ್ದರಿಂದ. ದಿನಾ ರಾತ್ರಿ ಕರೆಂಟು ಹೋದಾಗ ತಾರಸಿಯ ಮೇಲೆ ಅಂಗಾತ ಮಲಗಿ ನೋಡಿ ನೋಡಿ, ಕೊನೆಗೆ ಬಿ.ಎಸ್ಸಿ.ಗೆ ಸೇರುತ್ತೇನೆ, ಖಗೋಳ ಓದುತ್ತೇನೆ ಎಂದು ಹಟ ಹಿಡಿದೆ. ಅಪ್ಪ ನನ್ನನ್ನು ತಮ್ಮನ ಮನೆಯಲ್ಲಿ ಬಿಟ್ಟು ಹೊರಡುವಾಗ, "ನಿನ್ ಚಿಕ್ಕಪ್ಪ ಅದೇ ಕಾಲೇಜ್ನಾಗವ್ನೆ, ಇನ್ನೇನವ್ವಾ ಭಯ?" ಎಂದರು. ನನಗಿದ್ದ ಭಯ ಅದೊಂದೇ ಎಂದು ಹೇಗೆ ಹೇಳಲಿ?

ಮೈಸೂರಿನಿಂದ ವಿಶ್ವವಿದ್ಯಾಲಯದವರು ತಿಂಗಳಿಗೊಂದು ಹಾಳೆ ಕಳಿಸುತ್ತಿದ್ದರು. ಖಗೋಳ ಓದುವ ಪದವಿ ವಿದ್ಯಾರ್ಥಿಗಳಿಗೆ ಸುದ್ದಿ ಮತ್ತು ಅವಕಾಶಗಳು ಎಂದು ಅದರ ತಲೆಬರಹ. ಎಲ್ಲಿ ಶಿಬಿರ, ಯಾರ ಉಪನ್ಯಾಸ, ಯಾವ ಸಂಸ್ಥೆಯಲ್ಲಿ ಬೇಸಿಗೆ ತರಬೇತಿ, ಎಲ್ಲ ಅದರಲ್ಲಿ ಇರುತ್ತಿತ್ತು. ನಮ್ಮ ಕಾಲೇಜಿನಲ್ಲಿ ಖಗೋಳವೆಂದರೆ ಭೌತಶಾಸ್ತ್ರದೊಳಗೆ ಒಂದು ಪೇಪರು, ಅಷ್ಟೇ. ಆದರೂ ಚಿಕ್ಕಪ್ಪ ಆ ಹಾಳೆಗೆ ತೋರಿಸುತ್ತಿದ್ದ ಮರ್ಯಾದೆ ಮಂತ್ರಿಗಳ ಕಾಗದಕ್ಕೂ ಇರಲಿಲ್ಲ. ಮೊದಲು ಮೊಹರು. ಆಮೇಲೆ ಪ್ರಿನ್ಸಿಪಾಲರ ಟೇಬಲ್ಲಿಗೆ. ಅವರು ರಜೆಯಲ್ಲಿದ್ದರೆ ಹಾಳೆಯೂ ರಜೆಯಲ್ಲಿ. ಸಹಿಯಾಗಿ ಬಂದ ಮೇಲೆ ಚಿಕ್ಕಪ್ಪ ಅದನ್ನು ತಾವೇ ಕುಳಿತು ಕನ್ನಡಕ್ಕೆ ತರುತ್ತಿದ್ದರು. ಎಂಥ ಕನ್ನಡ! "ಸದರಿ ಉಲ್ಕಾಪಾತವು ನಿಗದಿತ ದಿನಾಂಕದಂದು ಜರುಗಲಿದ್ದು, ಆಸಕ್ತರು ಇದರ ಸದುಪಯೋಗ ಪಡೆದುಕೊಳ್ಳತಕ್ಕದ್ದು." ಇದು ಗಾಜಿನ ಬೋರ್ಡಿನೊಳಗೆ ಸೇರಿ ಬೀಗ ಬೀಳುವ ಹೊತ್ತಿಗೆ ಉಲ್ಕೆಗಳೆಲ್ಲ ಉದುರಿ ತಿಂಗಳಾಗಿರುತ್ತಿತ್ತು.

ಹೆಮ್ಮರಗಾಲದಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬ ತಡೆಯಲಾರದೆ ಒಮ್ಮೆ ಚಿಕ್ಕಪ್ಪನನ್ನೇ ಕೇಳಿಬಿಟ್ಟ.

"ಸಾ, ಈ ಸಿಬಿರಕ್ಕೆ ಅರ್ಜಿ ಆಕೋ ಕೊನೇ ದಿನ ಓದ್ ತಿಂಗ್ಳೇ ಮುಗ್ದೋಗದಲ್ಲ ಸಾ?"

"ಅದ್ಕೇನೀಗ? ಕೊನೇ ದಿನ ಯಾವತ್ತು ಅಂತ ನಿಂಗೆ ಈಗ್ಲಾದ್ರೂ ಗೊತ್ತಾಯ್ತಲ್ಲ?"

ಅವತ್ತಿನಿಂದ ಹುಡುಗರು ಆ ಬೋರ್ಡಿಗೆ 'ಶ್ರದ್ಧಾಂಜಲಿ ಫಲಕ' ಎಂದು ಹೆಸರಿಟ್ಟರು. ಕಾಲವಾದ ಅವಕಾಶಗಳಿಗೆಲ್ಲ ಅಲ್ಲಿ ಗಾಜು ಹಾಕಿದ ಗೌರವ! ಹಾಗೆಂದು ಪಾಪವನ್ನೆಲ್ಲ ಚಿಕ್ಕಪ್ಪನ ತಲೆಗೇ ಕಟ್ಟಲಾಗದು. ಹಾಳೆ ಬರೆಯುವ ಪುಣ್ಯಾತ್ಮರೂ ಕಡಿಮೆಯವರಲ್ಲ. "ಸ್ವಂತ ದೂರದರ್ಶಕ ಉಳ್ಳವರಿಗೆ ಆದ್ಯತೆ" ಎಂದೊಮ್ಮೆ ಬಂದಿತ್ತು. ಅದನ್ನು ಓದಿದ ಹೆಮ್ಮರಗಾಲದವನು, "ನಮ್ಮನೇಲಿ ಸ್ವಂತದ್ದು ಅಂತ ಒಂದು ಕುರ್ಚಿನೂ ಇಲ್ಲ ಕಣಮ್ಮೀ" ಎಂದು ನಕ್ಕು ಬಸ್ಸಿಗೆ ಓಡಿದ. ಆ ಹಾಳೆಗಳನ್ನು ಬರೆಯುವವರು ಯಾವ ಬಸ್ಸಿನಲ್ಲಿ ಓಡಾಡುತ್ತಾರೋ ನನಗೆ ಗೊತ್ತಿಲ್ಲ.

ಹಾಗೆ ನೋಡಿದರೆ ನಮ್ಮ ಕಾಲೇಜಿನಲ್ಲೂ ಒಂದು ದೂರದರ್ಶಕ ಇತ್ತು. ಯಾವುದೋ ಅನುದಾನದಲ್ಲಿ ಬಂದದ್ದು. ಬಂದ ದಿನವೇ ಚಿಕ್ಕಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ವರ್ಷಕ್ಕೊಮ್ಮೆ ಸ್ಟಾಕ್ ಪರಿಶೀಲನೆಯ ದಿನ ಬೀರು ತೆಗೆದು, "ದೂರದರ್ಶಕ ಒಂದು. ಇದೆ" ಎಂದು ರಿಜಿಸ್ಟರಿನಲ್ಲಿ ಬರೆದು ಮತ್ತೆ ಮುಚ್ಚುವುದು ಪದ್ಧತಿ. ಅಂಥದೊಂದು ಶುಭದಿನ ನಾನು ಬೀರುವಿನ ಪಕ್ಕದಲ್ಲೇ ಹೋಗಿ ನಿಂತೆ.

"ಚಿಕ್ಕಪ್ಪ, ನೋಡ್ಬೋದಾ?"

"ನೋಡವ್ವಾ, ಅದಕ್ಕೇನಂತೆ."

"ಅಲ್ಲ, ಇದರೊಳಗಿಂದ ನೋಡ್ಬೋದಾ ಅಂತ."

"ಇದನ್ನ ನೋಡು ಅಂದ್ರೆ ಇದರೊಳಗಿಂದ ನೋಡ್ತಾಳಂತೆ! ಕಣ್ಣಿನ ಎಣ್ಣೆ ಗಾಜಿಗೆ ಅಂಟ್ಕೊಂಡ್ರೆ ಸ್ಟಾಕ್ ಡ್ಯಾಮೇಜು ಅಂತ ಬರೀಬೇಕಾಯ್ತದೆ ನಾನು!"

ಎರಡು ಸಾವಿರದ ನಾಲ್ಕರ ಜೂನಿನಲ್ಲಿ ಶುಕ್ರಗ್ರಹ ಸೂರ್ಯನ ಮುಖದ ಮೇಲೆ ಹಾದುಹೋಯಿತು. ಜೀವಮಾನದಲ್ಲಿ ಒಂದೋ ಎರಡೋ ಸಲ ಸಿಗುವ ನೋಟ. ಅದೊಂದು ಸಲ ನೋಟೀಸು ಮುಂಚೆಯೇ ಬಿತ್ತು! ಹಗಲಿನಲ್ಲಿ, ಅದೂ ಆಫೀಸು ವೇಳೆಯಲ್ಲಿ ನಡೆಯುವ ಖಗೋಳ ಎಂದು ಚಿಕ್ಕಪ್ಪನಿಗೆ ಎಲ್ಲಿಲ್ಲದ ಉತ್ಸಾಹ. ರಜೆಯಿದ್ದರೂ ಹನ್ನೊಂದು ಜನ ಮೈದಾನದಲ್ಲಿ ಸೇರಿದೆವು. ಚಿಕ್ಕಪ್ಪ ಹಾಜರಿ ಪುಸ್ತಕ ಹಿಡಿದು ಕುರ್ಚಿ ಹಾಕಿಸಿಕೊಂಡು ಕುಳಿತರು. ಮುಂಗಾರಿನ ಮೋಡ ಕವಿದದ್ದು ಕವಿದ ಹಾಗೇ ಇತ್ತು. ಸಂಜೆಯವರೆಗೆ ಕಾದರೂ ಶುಕ್ರನಿರಲಿ, ಸೂರ್ಯನೇ ಪತ್ತೆಯಿಲ್ಲ. ಐದು ಗಂಟೆಗೆ ಚಿಕ್ಕಪ್ಪ ಪುಸ್ತಕದಲ್ಲಿ ಕೊನೆಯ ಸಾಲು ಬರೆದರು. ನಾನು ಬಗ್ಗಿ ಓದಿದೆ: "ವಿದ್ಯಾರ್ಥಿಗಳು ಹನ್ನೊಂದು, ಹಾಜರು. ಶುಕ್ರ, ಗೈರುಹಾಜರು."

ಇಂಥವರ ಮನೆಯಲ್ಲಿದ್ದರೂ ನನಗೊಂದು ಲಾಭವಿತ್ತು. ಕೆಲವು ದಿನ ಟಪಾಲು ತಡವಾಗಿ ಬಂದರೆ ಚಿಕ್ಕಪ್ಪ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು. ಮರುವರ್ಷ ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ, ಮೊಹರು ಬೀಳುವ ಮೊದಲೇ ಆ ತಿಂಗಳ ಹಾಳೆ ನನ್ನ ಕೈಗೆ ಸಿಕ್ಕಿತು. ಬೆಂಗಳೂರಿನ ಒಂದು ಸಂಸ್ಥೆ ಬಿ.ಎಸ್ಸಿ. ಎರಡನೇ ವರ್ಷದವರಿಗೆ ಬೇಸಿಗೆಯಲ್ಲಿ ತರಬೇತಿ ಕೊಡುತ್ತದೆ. ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಮೂರು ವಾರ. ಬೆರಳೆಣಿಕೆಯಷ್ಟು ಸೀಟು. ಕೊನೆಯ ದಿನಕ್ಕೆ ಇನ್ನೂ ಮೂರು ವಾರ ಬಾಕಿ! ಮೂರನೇ ವರ್ಷದವರಿಗೆ ಇಲ್ಲ, ಅಂದರೆ ನನಗೆ ಈ ವರ್ಷ ತಪ್ಪಿದರೆ ಮುಂದಿಲ್ಲ. ಡಿಗ್ರಿ ಮುಗಿದರೆ ಮದುವೆ ಎಂದು ಊರಲ್ಲಿ ಆಗಲೇ ಮಾತು ಶುರುವಾಗಿತ್ತು. ಎಂ.ಎಸ್ಸಿ. ಓದಿಸಿ ಎಂದು ಅಪ್ಪನ ಮುಂದೆ ನಿಲ್ಲಲು ನನ್ನ ಕೈಯಲ್ಲಿ ಏನಾದರೂ ಇರಬೇಕಿತ್ತು. ಎರಡು ರಾತ್ರಿ ಕುಳಿತು ಅರ್ಜಿ ತುಂಬಿದೆ. ಮೇಷ್ಟ್ರ ಶಿಫಾರಸು ಬರೆಸಿಕೊಂಡೆ.

ಇನ್ನು ಅಂಚೆ ಡಬ್ಬಿಗೆ ಹಾಕುವುದೊಂದೇ ಬಾಕಿ. ಅಲ್ಲೇ ನೋಡಿ ಚಿಕ್ಕಪ್ಪ ಅಡ್ಡ ಬಂದದ್ದು.

"ದೇವ್ರ ಪಾದಕ್ಕೆ ಮುಟ್ಟಿಸ್ದೆ ಯಾವ ಅರ್ಜಿನೂ ಮನೆಯಿಂದ ಓಗಂಗಿಲ್ಲ!"

ನಮ್ಮ ಕಡೆ ಇದೇನು ಹೊಸದಲ್ಲ. ಲಗ್ನಪತ್ರಿಕೆ, ಜಮೀನಿನ ಕಾಗದ, ಹೊಸ ಬೈಕಿನ ಕೀ, ಎಲ್ಲವೂ ದೇವರ ಮುಂದೆ ಒಂದು ಗಳಿಗೆ ಇದ್ದೇ ಬರಬೇಕು. ಆದರೆ ಚಿಕ್ಕಪ್ಪನದು ಅದರಲ್ಲೂ ಒಂದು ಉಪನಿಯಮ. ಪೂಜೆಗೆ ಮೊದಲು ಲಕೋಟೆಯ ಮೇಲೆ ವಿಳಾಸ ಬರೆಯಕೂಡದು. "ಒಳಗಿರೋದ ದೇವ್ರು ಓದ್ಕತಾನೆ, ಮೇಲಿರೋದ ಪೋಸ್ಟ್‌ಮ್ಯಾನ್ ಓದ್ಕತಾನೆ" ಎಂಬುದು ಅವರ ಸಿದ್ಧಾಂತ. ಖಾಲಿ ಖಾಕಿ ಲಕೋಟೆಯಲ್ಲಿ ನನ್ನ ಅರ್ಜಿ ಸೋಮವಾರ ಬೆಳಿಗ್ಗೆ ಬೀದಿಯ ಕೊನೆಯ ದೇವಸ್ಥಾನಕ್ಕೆ ಹೊರಟಿತು. ಅಲ್ಲಿಗೆ ಹೆಡತಲೆ ಎಂಬ ಹಳ್ಳಿಯ ರೈತರೊಬ್ಬರೂ ಅಂಥದೇ ಖಾಲಿ ಖಾಕಿ ಲಕೋಟೆ ತಂದಿದ್ದರು. ಅಣ್ಣತಮ್ಮಂದಿರ ಪಾಲಾದ ಜಮೀನು ಅಳೆದುಕೊಡಿ ಎಂದು ಕಂದಾಯ ಕಚೇರಿಗೆ ಅರ್ಜಿ. ಪೂಜೆಯಾದ ಮೇಲೆ ಅವರು, "ಸಾ, ನಂದ್ಕೂ ಒಸಿ ಅಡ್ರೆಸ್ಸು ಬರ್ದುಕೊಡಿ" ಎಂದರಂತೆ. ಪರೋಪಕಾರಿ ಚಿಕ್ಕಪ್ಪ ದೇವಸ್ಥಾನದ ಜಗಲಿಯ ಮೇಲೆ ಕುಳಿತು, ದುಂಡನೆಯ ಅಕ್ಷರದಲ್ಲಿ ಎರಡಕ್ಕೂ ವಿಳಾಸ ಬರೆದರು.

ಮೂರು ವಾರವಾಗುತ್ತ ಬಂತು. ಒಂದು ಸಂಜೆ ಆ ರೈತರು ನನ್ನ ಲಕೋಟೆ ಹಿಡಿದು ಮನೆ ಬಾಗಿಲಲ್ಲಿ ನಿಂತಿದ್ದರು.

"ಏನ್ ಸಾ ಇದು? ಎರಡೆಕರೆ ಅಳ್ದುಕೊಡಿ ಅಂತ ಅರ್ಜಿ ಕೊಟ್ರೆ, ಆಪೀಸ್ನೋರು ಫಿಜಿಕ್ಸಲ್ಲಿ ಇಷ್ಟೊಂದು ನಂಬರ್ ತೆಗ್ದಿದ್ದೀಯಲ್ಲಯ್ಯ ಅಂತ ನಗ್ತಾವ್ರೆ. ನಾನು ಮೂರ್ನೇ ಕ್ಲಾಸು ಸಾ!"

ನಾನು ಕಿತ್ತುಕೊಂಡು ನೋಡಿದೆ. ನನ್ನ ಅರ್ಜಿಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಯಾರೋ ಅಧಿಕಾರಿ ಬರೆದಿದ್ದರು: "ಸ್ಥಳ ಪರಿಶೀಲಿಸಿ, ಚಕ್ಕುಬಂದಿ ಗುರುತಿಸಿ, ವರದಿ ಸಲ್ಲಿಸುವುದು." ನಕ್ಷತ್ರಗಳ ದೂರ ಅಳೆಯಲು ಕಲಿಯಬೇಕು ಎಂದು ನಾನು ಬರೆದಿದ್ದ ಪುಟದ ಮೇಲೆ! ಚಂದ್ರನ ಪೂರ್ವಕ್ಕೆ ಯಾರ ಗದ್ದೆ ಬರುತ್ತದೋ ನೋಡಿಕೊಂಡು ಬರಲು ಸರ್ವೇಯರ್ ಹೊರಟೇ ಇದ್ದನೋ ಏನೋ. ಬೇರೆ ಯಾರದ್ದಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸಂಸ್ಥೆಗೆ ಅರ್ಜಿ ಸೇರಬೇಕಿದ್ದ ಕೊನೆಯ ದಿನ ಕಳೆದು ಎರಡು ದಿನವಾಗಿತ್ತು.

ಚಿಕ್ಕಮ್ಮ ಸೌಟು ಹಿಡಿದೇ ಹೊರಗೆ ಬಂದರು. "ನೋಡ್ಬಾರ್ದಾ ಮಾರಾಯ್ರೇ, ಒಳಗೆ ಏನದೆ ಅಂತ?"

"ನನ್ ತಪ್ಪೇನಿಲ್ಲ ಕಣೆ ಇದ್ರಾಗೆ! ಲಕೋಟೆ ಮಾಡೋನ್ದು ತಪ್ಪು. ಎಲ್ಲಾನೂ ಒಂದೇ ಬಣ್ಣದಾಗೆ ಮಾಡಿದ್ರೆ ಮನುಷ್ಯ ಏನ್ ಮಾಡಾನು?"

ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಮೂರು ದಿನ ಅವರ ಜೊತೆ ಮಾತಾಡಲಿಲ್ಲ, ಸರಿಯಾಗಿ ಊಟವನ್ನೂ ಮಾಡಲಿಲ್ಲ. ಬಾಗಿಲಾಚೆ ಚಿಕ್ಕಪ್ಪ ಗೋಡೆಗೆ ಕೇಳಿಸುವಂತೆ ವಾದ ಮಂಡಿಸುತ್ತಲೇ ಇದ್ದರು. ಮೊದಲ ದಿನ ತಪ್ಪು ಲಕೋಟೆಯದು, ಎರಡನೇ ದಿನ ಹೆಡತಲೆಯವರದು, ಮೂರನೇ ದಿನ ಸೋಮವಾರದ ಜನಜಂಗುಳಿಯದು. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯ ಮೇಜಿನ ಮೇಲಿದ್ದ ನನ್ನ ಅರ್ಜಿಯೂ ಇಲ್ಲ, ಮನೆಯಲ್ಲಿ ಚಿಕ್ಕಪ್ಪನೂ ಇಲ್ಲ. ಆಫೀಸು ಕೆಲಸದ ಮೇಲೆ ಹೋಗಿದ್ದಾರೆ ಎಂದರು ಚಿಕ್ಕಮ್ಮ. ಬಸ್ಸು ಹತ್ತಿದರೆ ಕಡಕೊಳ ದಾಟುವಷ್ಟರಲ್ಲಿ ವಾಂತಿ ಮಾಡಿಕೊಳ್ಳುವ ಮನುಷ್ಯ! ನಂಟರ ಮದುವೆಗಳನ್ನೆಲ್ಲ ಇದೊಂದೇ ಕಾರಣಕ್ಕೆ ತಪ್ಪಿಸಿಕೊಂಡವರು. ಮರುದಿನ ಸಂಜೆ ಬಂದಾಗ ಮುಖ ಬಿಳಿಚಿಕೊಂಡಿತ್ತು, ಅಂಗಿ ಮಾಸಿತ್ತು. ಒಂದು ಕೈಯಲ್ಲಿ ಹೆಡತಲೆಯವರ ಜಮೀನಿನ ಅರ್ಜಿ, ಇನ್ನೊಂದರಲ್ಲಿ ಸಂಸ್ಥೆಯ ಸ್ವೀಕೃತಿ ಚೀಟಿ.

"ಬೆಂಗ್ಳೂರಿಗೆ ಓಗಿದ್ದೆ. ಅರ್ಜಿ ತಗಂಡ್ರು. ಏಳು, ಉಣ್ಣು."

"ತಡವಾಗಿದ್ರೂ ತಗೊಂಡ್ರಾ? ಹೇಗೆ ಚಿಕ್ಕಪ್ಪ?"

"ಹೇಗೆ ಅಂದ್ರೆ? ಲಾ ಪಾಯಿಂಟ್ ಆಕ್ದೆ! ಕೊನೇ ದಿನನ ಅಷ್ಟು ಬೇಗ ಇಟ್ಟಿದ್ದು ನಮ್ದೇ ತಪ್ಪು ಅಂತ ಅವ್ರೇ ಒಪ್ಕಂಡ್ರು."

ಅದನ್ನು ನಂಬಿದೆನೋ ಬಿಟ್ಟೆನೋ, ಏಪ್ರಿಲಿನಲ್ಲಿ ಆಯ್ಕೆಯ ಪತ್ರ ಬಂತು. ಮೇ ತಿಂಗಳಲ್ಲಿ ಗುಡ್ಡದ ಮೇಲಿದ್ದೆ. ದೊಡ್ಡ ದೊಡ್ಡ ಕಾಲೇಜಿನ ಹುಡುಗ ಹುಡುಗಿಯರು, ಬಾಯಿ ತೆಗೆದರೆ ಇಂಗ್ಲಿಷು. ಅವರ ನಡುವೆ ನನಗೆ ಸ್ನೇಹ ಸಂಪಾದಿಸಿಕೊಟ್ಟದ್ದು ನಮ್ಮ ಚಿಕ್ಕಪ್ಪನೇ. ಹೇಗೆನ್ನುತ್ತೀರಾ? ಊಟದ ಮನೆಯಲ್ಲಿ ಅವರ ನಡಿಗೆ, ಅವರ ಮೊಹರು, ಶುಕ್ರನಿಗೆ ಹಾಕಿದ ಗೈರುಹಾಜರಿ, ಆ ಲಾ ಪಾಯಿಂಟು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಹುಡುಗರೆಲ್ಲ ತಟ್ಟೆ ಕುಟ್ಟಿ ನಕ್ಕರು. ಪಕ್ಕದ ಮೇಜಿನಲ್ಲಿ ಬೆಂಗಳೂರಿನ ಆಫೀಸಿನಿಂದ ಬಂದಿದ್ದ ಸೂಪರಿಂಟೆಂಡೆಂಟರು ಮಾತ್ರ ನಗದೆ ಊಟ ಮಾಡುತ್ತಿದ್ದರು. ಕೈ ತೊಳೆದು ಬಂದು, "ನಂಜನಗೂಡಿನ ಹುಡುಗಿ ನೀನೇನಾ? ಒಂದು ನಿಮಿಷ ಬಾಮ್ಮ" ಎಂದು ಕೋಣೆಗೆ ಕರೆದರು. ನಮ್ಮೆಲ್ಲರ ಅರ್ಜಿಗಳ ಫೈಲು ತೆಗೆದು, ನನ್ನದಕ್ಕೆ ಪಿನ್ನು ಚುಚ್ಚಿದ್ದ ಒಂದು ಹಾಳೆಯನ್ನು ಮುಂದಿಟ್ಟರು. ಅದೇ ದುಂಡನೆಯ ಅಕ್ಷರ.

"ವಿಷಯ: ನನ್ನ ತಪ್ಪಿನಿಂದ ತಡವಾದ ಅರ್ಜಿಯ ಬಗ್ಗೆ. ಉಲ್ಲೇಖ: ಯಾವುದೂ ಇಲ್ಲ."

ಇಷ್ಟು ಓದಿ ನಕ್ಕೆ. ಆಮೇಲೆ ನಗಲಿಲ್ಲ.

"ಸದರಿ ವಿದ್ಯಾರ್ಥಿನಿಯು ಅರ್ಜಿಯನ್ನು ಸಕಾಲದಲ್ಲಿ ಸಿದ್ಧಪಡಿಸಿದ್ದು, ಲಕೋಟೆಗಳ ವಿಳಾಸ ಅದಲು ಬದಲು ಮಾಡಿದವನು ನಾನೇ ಆಗಿರುತ್ತೇನೆ. ಇದರಲ್ಲಿ ಬೇರೆ ಯಾರ ತಪ್ಪೂ ಇರುವುದಿಲ್ಲ. ಸದರಿಯವಳು ನನ್ನ ಅಣ್ಣನ ಮಗಳಾಗಿದ್ದು, ಮೂರು ದಿನಗಳಿಂದ ಊಟ ಬಿಟ್ಟಿರುತ್ತಾಳೆ. ಅವಳಿಗೆ ಮುಖ ತೋರಿಸಲು ನನ್ನಿಂದ ಆಗುತ್ತಿಲ್ಲ. ಶಿಕ್ಷೆ ಏನಿದ್ದರೂ ನನಗೆ ವಿಧಿಸಿ, ಅರ್ಜಿಯನ್ನು ಸ್ವೀಕರಿಸಬೇಕಾಗಿ ಕೈಮುಗಿದು ಬೇಡುತ್ತೇನೆ."

"ಬೆಳಿಗ್ಗೆ ಹತ್ತಕ್ಕೆ ಬಂದ್ರು, ಆಗಲ್ಲ ಅಂದ್ವಿ" ಎಂದರು ಸೂಪರಿಂಟೆಂಡೆಂಟರು. "ಸಾಯಂಕಾಲ ಬಾಗಿಲು ಹಾಕೋ ತನಕ ಮೆಟ್ಟಿಲ ಮೇಲೇ ಕೂತಿದ್ರು. ಊಟಕ್ಕೂ ಏಳಲಿಲ್ಲ. ಕೊನೆಗೆ ಡೈರೆಕ್ಟರೇ ಕಾಗದ ತರಿಸ್ಕೊಂಡು ಓದಿದ್ರು."

ಅದನ್ನು ನನಗೆ ಕೊಡಿ ಎಂದು ಕೇಳಿದೆ. ಫೈಲಿನ ಕಾಗದ ಕೊಡಲು ಬರುವುದಿಲ್ಲ ಎಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟು ಹೊತ್ತು ಯಾರನ್ನು ಆಡಿ ತೋರಿಸಿ ಎಲ್ಲರನ್ನೂ ನಗಿಸಿದ್ದೆನೋ, ಅವರ ಮುಖ ಬಿಟ್ಟು ಬೇರೇನೂ ಕಣ್ಣಿಗೆ ಬರುತ್ತಿರಲಿಲ್ಲ.

ಅವತ್ತು ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ದೂರದರ್ಶಕದಲ್ಲಿ ಶನಿಯ ಬಳೆ ತೋರಿಸಿದರು. ನನ್ನ ಸರದಿ ಬಂದಾಗ ಬಗ್ಗಿ ಕಣ್ಣಿಟ್ಟೆ. ಏನೂ ಕಾಣಲಿಲ್ಲ, ಬರೀ ಮಂಜು. ಬಹಳ ಹೊತ್ತು ಹಾಗೇ ನಿಂತಿರಬೇಕು, ತರಬೇತಿಯ ಮೇಷ್ಟ್ರು ಹತ್ತಿರ ಬಂದು ಫೋಕಸ್ಸಿನ ತಿರುಪಿಗೆ ಕೈ ಹಾಕಿದರು.

"ಫೋಕಸ್ ಸರಿ ಇಲ್ವೇನಮ್ಮಾ?"

"ಸರಿಯಾಗಿದೆ ಸಾರ್," ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. "ತಪ್ಪು ನನ್ನದು."