ಮೊರಬದಾಕಿ ಅರಬ್ಬಿ ಕಲಿತದ್ದು

ಹೊಸ ಭಾಷೆ ಕಲಿಯಲು ಹೊರಟವರು ದಿನಕ್ಕೊಮ್ಮೆಯಾದರೂ ನಗೆಪಾಟಲಾಗದೆ ಮನೆಗೆ ಮರಳುವುದಿಲ್ಲ. ನಾನಂತೂ ಎಷ್ಟೋ ಸಲ ಮನೆಯಿಂದ ಹೊರಬೀಳುವ ಮೊದಲೇ ಆ ಕೆಲಸ ಮುಗಿಸಿರುತ್ತಿದ್ದೆ.

ನಾನು ನವಲಗುಂದ ತಾಲೂಕಿನ ಮೊರಬದವಳು. ಎರೆ ಹೊಲದ ಮನೆತನ, ಬೆಳಗಾದರೆ ಮನೆ ತುಂಬ ವಿಭೂತಿ, ಲಿಂಗಪೂಜೆ. ಚಿಕ್ಕವಳಿದ್ದಾಗ ಅವ್ವನ ಜೊತೆ ಯಮನೂರಿನ ದರ್ಗಾಕ್ಕೆ ಹೋದಾಗಲೆಲ್ಲ ಅಲ್ಲಿಯ ಬಳ್ಳಿಯಂಥ ಅಕ್ಷರಗಳನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಅವು ಏನು ಹೇಳುತ್ತವೆ ಎಂದು ಕೇಳಿದರೆ ಅವ್ವ, "ಚೊಲೋದ ಹೇಳ್ತಾವು, ನಡಿ, ಬಸ್ ಹೊಕ್ಕೈತಿ" ಅನ್ನುತ್ತಿದ್ದಳು. ಆ ಉತ್ತರ ನನಗೆ ಸಾಲಲಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿದ ಮೇಲೆ ವಿದ್ಯಾರ್ಥಿವೇತನ ಸಿಕ್ಕಿತು. ಒಂದು ವರ್ಷ ಅರಬ್ಬಿ ಕಲಿಯಲು ಜೋರ್ಡಾನ್ ದೇಶದ ಒಂದು ಸಣ್ಣ ಊರಿಗೆ ಹೋದೆ. ಶಾಲೆಯವರು ಹಾಕಿದ ಕಟ್ಟಳೆ ಇಷ್ಟೆ: ಅಲ್ಲಿಯದೇ ಒಂದು ಮನೆಯಲ್ಲಿ ಇರಬೇಕು, ಅರಬ್ಬಿ ಬಿಟ್ಟು ಬೇರೆ ಮಾತಾಡಬಾರದು. ನಾನಿದ್ದ ಮನೆಯ ಒಡತಿಗೆ ನನ್ನ ಅವ್ವನ ವಯಸ್ಸು. ಅವರನ್ನು ಇಲ್ಲಿ ಮನೆಯಮ್ಮ ಎಂದೇ ಕರೆಯುತ್ತೇನೆ.

ಗಂಟಲಿನ ಅಕ್ಷರ

ಅರಬ್ಬಿಯಲ್ಲಿ 'ಐನ್' ಎಂಬ ಅಕ್ಷರ ಇದೆ. ನಮ್ಮ ಅ ಅಲ್ಲ, ಆ ಅಲ್ಲ, ಗಂಟಲಿನ ತಳದಿಂದ ಹಿಂಡಿ ತೆಗೆಯಬೇಕು. ಅರಬ್ಬಿ ಎಂಬ ಹೆಸರೇ ಅದರಿಂದ ಸುರುವಾಗುತ್ತದೆ. ಅದು ಬರದವರಿಗೆ ತಾವು ಕಲಿಯುತ್ತಿರುವ ಭಾಷೆಯ ಹೆಸರನ್ನೂ ನೆಟ್ಟಗೆ ಹೇಳಲು ಬರುವುದಿಲ್ಲ ಎಂದು ನಮ್ಮ ಶಿಕ್ಷಕಿ ಹೇಳಿದರು. ಅವರು ಆ ಅಕ್ಷರ ಉಚ್ಚರಿಸಿದರೆ ಆಳದ ಬಾವಿಯೊಳಗಿಂದ ಕೊಡ ಮೇಲೆ ಬಂದ ಹಾಗೆ ಇರುತ್ತಿತ್ತು. ನಾವು ಉಚ್ಚರಿಸಿದರೆ ಆ ಕೊಡ ಬಾವಿಗೆ ಬಿದ್ದ ಹಾಗೆ.

ಕೋಣೆಯ ಬಾಗಿಲು ಹಾಕಿಕೊಂಡು ರೂಢಿ ಮಾಡತೊಡಗಿದೆ. ಸ್ವಲ್ಪ ಹೊತ್ತಿಗೆ ಮನೆಯಮ್ಮ ಯಾವುದೋ ಎಲೆ ಹಾಕಿ ಕುದಿಸಿದ ಕಷಾಯ ಹಿಡಿದು ಬಂದರು. ಗಂಟಲು ಮುಟ್ಟಿ ನೋಡಿದರು, ಉಣ್ಣೆಯ ಶಾಲು ಸುತ್ತಿದರು. ಆರಾಮಾಗಿಯೇ ಇದ್ದೇನೆ ಎಂದು ಹೇಳಬೇಕೆಂದರೆ ಆ ಮಾತು ಇನ್ನೂ ನಮ್ಮ ಪಾಠದಲ್ಲಿ ಬಂದಿರಲಿಲ್ಲ. ಹೀಗೆ ನಿತ್ಯ ರೂಢಿ, ನಿತ್ಯ ಕಷಾಯ. ಅಕ್ಷರ ಮಾತ್ರ ಬರಲಿಲ್ಲ.

ಮುಂದೆ ಚಳಿಗೆ ಖರೇನ ಗಂಟಲು ಕಟ್ಟಿತು. ಹಾಗೆಯೇ ತರಗತಿಗೆ ಹೋಗಿ ಓದಿದೆ. ಶಿಕ್ಷಕಿ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಉಳಿದವರೂ ಹೀಗೇ ಹೇಳಬೇಕು ಅಂದರು. ಮಧ್ಯಾಹ್ನ ನಮ್ಮ ತರಗತಿಯ ಕೊರಿಯಾದ ಹುಡುಗಿಯೊಬ್ಬಳು ಬಾಜೂಕೆ ಕರೆದು, ನೆಗಡಿ ಎಲ್ಲಿ ಸಿಗುತ್ತದೆ ಎಂದು ಗುಟ್ಟಾಗಿ ಕೇಳಿದಳು.

ತಕರಾರು

ಆ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ನಮ್ಮ ಮಾತುಗಳು ಎದುರಾಗುತ್ತಿದ್ದವು. ಕುರ್ಚಿಗೆ ಕುರ್ಸಿ, ಸಾಬೂನಿಗೆ ಸಾಬೂನ್, ತಾರೀಖಿಗೆ ತಾರೀಖ್. ಖಾಲಿ, ಬಾಕಿ, ವಕೀಲ ಎಲ್ಲ ಅಲ್ಲಿಯವೇ. ಯಾವ ಕಾಲದಲ್ಲೋ ಹೊರಟು, ಸಮುದ್ರ ದಾಟಿ, ಯಾರಯಾರದೋ ಬಾಯಿಂದ ಬಾಯಿಗೆ ಹಾಯ್ದು ಮೊರಬದವರೆಗೆ ಬಂದು, ಅಪ್ಪನ ನಾಲಿಗೆ ಮೇಲೆ ಆರಾಮಾಗಿ ಕೂತ ಮಾತುಗಳು. ನೆನೆಸಿಕೊಂಡರೆ ಮೈ ಝುಂ ಅನ್ನುತ್ತಿತ್ತು.

ಹೀಗಿರುವಾಗ ಶಿಕ್ಷಕಿ, ಮನೆಯವರ ಜೊತೆ ದಿನಾಲೂ 'ತಕರಾರ್' ಮಾಡಿ, ತಕರಾರ್ ಇಲ್ಲದೆ ಯಾರಿಗೂ ಭಾಷೆ ಬಂದಿಲ್ಲ ಎಂದರು. ನನಗೆ ಸಂಕಟವಾಯಿತು. ಅಷ್ಟು ಕಷಾಯ ಕುಡಿಸಿದವರ ಜೊತೆ ಜಗಳ ತೆಗೆಯುವುದು ಹೇಗೆ? ಆದರೂ ಗುರುಗಳ ಮಾತು. ಅವತ್ತೇ ಬೇಳೆಯ ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದೆ. ಮರುದಿನ ಚಹಾ ಪಾನಕದಂತಿದೆ ಅಂದೆ. ಮನೆಯಮ್ಮ ಮೊದಲು ಬೆರಗಾದರು. ಆಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತು ಒಂದಕ್ಕೆ ನಾಲ್ಕು ಉತ್ತರ ಕೊಟ್ಟರು. ಅವರ ಸೊಸೆಯಂದಿರು ಕೆಲಸ ಬಿಟ್ಟು ನೋಡಲು ಬಂದರು. ಜಗಳದಲ್ಲಿ ವ್ಯಾಕರಣ ಯೋಚಿಸಲು ಪುರಸೊತ್ತಿಲ್ಲ, ನನ್ನ ಬಾಯಿಂದ ಇಡೀ ಇಡೀ ವಾಕ್ಯಗಳು ತಾವಾಗಿ ಬರತೊಡಗಿದವು.

ತಕರಾರ್ ಹೇಗೆ ನಡೆದಿದೆ ಎಂದು ಶಿಕ್ಷಕಿ ಕೇಳಿದಾಗ, ನಿನ್ನೆ ಕಿಟಕಿಯ ಸಲುವಾಗಿ ಆಯಿತು, ನಾನೇ ಗೆದ್ದೆ ಎಂದೆ. ಅವರು ನಕ್ಕು ನಕ್ಕು ಸುಸ್ತಾಗಿ, ಅರಬ್ಬಿಯಲ್ಲಿ ತಕರಾರ್ ಅಂದರೆ ಕಲಿತದ್ದನ್ನು ಮತ್ತೆ ಮತ್ತೆ ಹೇಳುವುದು ಎಂದು ತಿಳಿಸಿದರು. ನಾಚಿಕೆಯಿಂದ ಮನೆಗೆ ಓಡಿ ಬಂದು ಕ್ಷಮೆ ಕೇಳಿದೆ. ಮನೆಯಮ್ಮನ ಮುಖ ಸಣ್ಣದಾಯಿತು. "ಬಿಡಬೇಡ. ಈ ಸೊಸೆಯಂದಿರು ಎದುರು ಮಾತೇ ಆಡುವುದಿಲ್ಲ, ನನಗೆ ಬಹಳ ಬೇಜಾರಾಗಿತ್ತು" ಅಂದರು.

ಗರೀಬ

ಓಣಿಯ ಹೆಂಗಸರು ನನಗೆಂದು ಒಂದಿಲ್ಲೊಂದು ತಾಟು ತಂದುಕೊಡುತ್ತಿದ್ದರು. ದ್ರಾಕ್ಷಿ ಎಲೆಯಲ್ಲಿ ಅನ್ನ ತುಂಬಿ ಸುತ್ತಿದ್ದು, ಜೇನು ಸುರಿದ ಸಿಹಿ. ಕೊಡುವಾಗ ನನ್ನ ಕಡೆ ನೋಡಿ ತಮ್ಮತಮ್ಮಲ್ಲೇ 'ಗರೀಬಾ' ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಸುಗ್ಗಿ ಹೊತ್ತಿಗೆ ಬಂದವರಿಗೆಲ್ಲ ಊಟ ಹಾಕುತ್ತಾರೆ. ಅಂಥ ಮನೆಯ ಮಗಳು ಇಲ್ಲಿ ಬಡವಿ ಅನ್ನಿಸಿಕೊಳ್ಳಬೇಕೆ? ಬಲ್ಲ ಮಾತೆಲ್ಲ ಕೂಡಿಸಿಕೊಂಡು ಒಂದು ದಿನ ಹೇಳಿಯೇಬಿಟ್ಟೆ. ನಮ್ಮಪ್ಪನಿಗೆ ಕಪ್ಪು ಮಣ್ಣಿನ ಹೊಲ ಇದೆ, ಟ್ರ್ಯಾಕ್ಟರ್ ಇದೆ, ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುತ್ತೇವೆ, ನಾನು ಗರೀಬ ಅಲ್ಲ ಎಂದೆ.

ಬಾಜೂ ಮನೆಯ ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡರು. "ಅಷ್ಟೆಲ್ಲ ಬಿಟ್ಟು ಇಷ್ಟು ದೂರ ಬಂದೆಯಾ? ಹಾಗಾದರೆ ನಿನಗಿಂತ ಗರೀಬಾ ಯಾರಿದ್ದಾರೆ, ಮಗಳೇ."

ಅಲ್ಲಿ ಗರೀಬ ಅಂದರೆ ಹಣವಿಲ್ಲದವನಲ್ಲ, ತನ್ನವರಿಂದ ದೂರ ಬಂದವನು. ಅದು ಗೊತ್ತಾದಾಗ ನಾನು ತಾಟು ಹಿಡಿದುಕೊಂಡು ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತೆ. ಒಂದೇ ಮಾತು ಒಂದು ಕಡೆ ಕಿಸೆ ನೋಡುತ್ತದೆ, ಇನ್ನೊಂದು ಕಡೆ ಅಕ್ಕಪಕ್ಕ ಯಾರಿದ್ದಾರೆಂದು ನೋಡುತ್ತದೆ. ಆದರೆ ನನ್ನ ಭಾಷಣದಿಂದ ಆದದ್ದಿಷ್ಟು: ಬಿಟ್ಟು ಬಂದದ್ದು ಬಹಳ ಎಂದು ಓಣಿಗೆಲ್ಲ ಸುದ್ದಿಯಾಗಿ ತಾಟುಗಳು ಇಮ್ಮಡಿಯಾದವು. ಊರಿಂದ ಒಯ್ದ ಚೂಡಿದಾರಗಳಲ್ಲಿ ಒಂದೂ ನನ್ನ ಮೈಗೆ ಏರದಾಯಿತು.

ದೊಡ್ಡವರ ಮಾತು

ವರ್ಷ ಅರ್ಧ ಕಳೆದಾಗ ನನಗೆ ಜೋರು ಜ್ವರ ಬಂತು. ವಿಡಿಯೋದಲ್ಲಿ ನನ್ನ ಮುಖ ನೋಡಿದ ಅವ್ವ, "ಕಲ್ತದ್ದು ಸಾಕು, ಊರಿಗೆ ಬಾ. ಅನ್ನ ಕಂಡಂಗಿಲ್ಲ ನಿನ್ನ ಮಾರಿ" ಎಂದಳು. ಅಪ್ಪ ಆಗಲೇ ವಿಮಾನದ ವಿಚಾರಣೆಗೆ ಹುಬ್ಬಳ್ಳಿಗೆ ಹೋಗಿದ್ದ. ಅರ್ಧಕ್ಕೆ ಬಿಟ್ಟರೆ ಮತ್ತೆ ಬರುವುದಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಳು ಬಂತು. ಒಲೆಯ ಮುಂದಿದ್ದ ಮನೆಯಮ್ಮ ಬಂದು ಫೋನು ತಮ್ಮ ಕೈಗೆ ತೆಗೆದುಕೊಂಡರು.

ಅವರು ಅರಬ್ಬಿಯಲ್ಲಿ ಸುರು ಮಾಡಿದರು, ಅವ್ವ ಕನ್ನಡದಲ್ಲಿ. ನಾನು ಅರ್ಥ ಹೇಳಲು ಬಾಯಿ ತೆರೆದರೆ ಮನೆಯಮ್ಮ ಕೈ ಎತ್ತಿ ತಡೆದರು. ಆ ಕಡೆಯಿಂದ ಅವ್ವನೂ, "ನೀ ಸುಮ್ನಿರು, ದೊಡ್ಡವರು ಮಾತಾಡಾಕತ್ತೇವಿ" ಅಂದಳು. ಮನೆಯಮ್ಮ ಕಬ್ಬಿಣದ ಬೋರಲು ಹಂಚಿನ ಮೇಲೆ ಬೇಯುತ್ತಿದ್ದ ತೆಳ್ಳನೆಯ ರೊಟ್ಟಿ ತೋರಿಸಿದರು. ಅವ್ವ ಅಡುಗೆಮನೆಗೆ ಹೋಗಿ ತನ್ನ ಹಂಚು ತೋರಿಸಿ, ಜೋಳದ ಹಿಟ್ಟು ನಾದಿ ಒಂದು ರೊಟ್ಟಿ ಬಡಿದೇ ಬಿಟ್ಟಳು. ಇಬ್ಬರೂ ಮೊಣಕಾಲು ತೋರಿಸಿಕೊಂಡು ಏನೋ ನೋವು ಹೇಳಿಕೊಂಡರು. ಮದ್ದು ಅದಲುಬದಲಾಯಿತು. ಇಬ್ಬರೂ ನನ್ನ ಕಡೆ ಬೆರಳು ಮಾಡಿ ತಲೆ ಅಲ್ಲಾಡಿಸಿದರು. ನಾನು ಇಷ್ಟು ತಿಂಗಳು ತಲೆ ಕೆಡಿಸಿಕೊಂಡು ಕಲಿತ ಭಾಷೆಯನ್ನು ಅವ್ವ ಹಿಟ್ಟಿನ ಕೈಯಲ್ಲೇ ದಾಟಿ ಹೋದಳು. ಬೆಪ್ಪಾಗಿ ನೋಡುತ್ತ ಕೂತೆ.

ಕೊನೆಗೆ ಮನೆಯಮ್ಮ "ಯುಮ್ಮಾ" ಎಂದು ಕರೆದು ನನ್ನನ್ನು ಹತ್ತಿರ ಎಳೆದುಕೊಂಡು ಹಣೆ ಒತ್ತತೊಡಗಿದರು. ಯುಮ್ಮಾ ಅಂದರೆ ಅಮ್ಮ. ಅಲ್ಲಿಯ ತಾಯಂದಿರು ಮಕ್ಕಳನ್ನೇ ಹಾಗೆ ಕರೆಯುತ್ತಾರೆ, ನಮ್ಮಲ್ಲಿ ಸಣ್ಣ ಹುಡುಗಿಯರಿಗೆ ಯವ್ವಾ ಅನ್ನುವ ಹಾಗೆ. ಅವ್ವ ಅದನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಫೋನು ಇಟ್ಟಳು.

ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಫೋನು ಮಾಡಿದಳು. "ವರ್ಷ ಮುಗಿಸಿಕೊಂಡ ಬಾ. ನಿಮ್ಮಪ್ಪಗ ನಾ ಹೇಳ್ತೇನಿ" ಎಂದಳು. ಆಮೇಲೆ ದನಿ ಬಿಗಿ ಮಾಡಿ ಕೇಳಿದಳು:

"ಅಲ್ಲಿ ಯಾರಿಗೂ ಕನ್ನಡ ಬರೂದಿಲ್ಲಂತ ನನಗ್ಯಾಕ ಸುಳ್ಳ ಹೇಳಿದಿ? ಆ ಅವ್ವಾರು ಅಗದಿ ಚೊಲೋ ಮಾತಾಡ್ತಾರ. ಒಂಚೂರು ಬಿಜಾಪುರ ಕಡೆದು ಐತಿ, ಅಷ್ಟ."